ಚೆನ್ನಮ್ಮನ ಜಗಳ ಕಪ್ಪದ್ದಲ್ಲ, ದತ್ತಕದ್ದು

ಕಪ್ಪ ಕೊಡು ಅಂದದ್ದಕ್ಕೆ ಕಿತ್ತೂರ ಚೆನ್ನಮ್ಮ ಕತ್ತಿ ಹಿಡಿದಳು ಅಂತ ನಮ್ಮ ಮಂದಿ ನಂಬಿಕೊಂಡು ಅರವತ್ತು ವರ್ಷದ ಮೇಲಾಯಿತು. ಹಾಗೆ ನಂಬಿಸಿದ್ದು ಇತಿಹಾಸದ ಪುಸ್ತಕಕ್ಕಿಂತ ಹೆಚ್ಚಾಗಿ 1961ರ ‘ಕಿತ್ತೂರು ಚೆನ್ನಮ್ಮ’ ಸಿನಿಮಾ. ಮಳೆ ಬರುತ್ತದೆ, ಭೂಮಿ ಬೆಳೆಯುತ್ತದೆ, ನಡುವೆ ನಿಮಗ್ಯಾಕೆ ಕಪ್ಪ ಅಂತ ಬಿ. ಸರೋಜಾದೇವಿ ಕಣ್ಣರಳಿಸಿ ಕೇಳುವ ಮಾತು ಯಾರಿಗೆ ಗೊತ್ತಿಲ್ಲ? ನನಗೂ ಬಾಯಿಪಾಠ. ಆ ಮಾತಿನ ಮೇಲೆ ನನಗೆ ಸಿಟ್ಟಿಲ್ಲ, ಕೇಳಿದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಆದರೆ ಅದು ನಮ್ಮ ಊರಿನ ಮಾತಲ್ಲ, ದಕ್ಷಿಣದಿಂದ ಬಂದದ್ದು.

ಆ ಸಿನಿಮಾ ಮಾಡಿದ ಬಿ. ಆರ್. ಪಂತುಲು ಅವರೇ ಎರಡು ವರ್ಷ ಮುಂಚೆ, 1959ರಲ್ಲಿ, ಶಿವಾಜಿ ಗಣೇಶನ್ ಅವರನ್ನು ಹಾಕಿಕೊಂಡು ತಮಿಳಿನಲ್ಲಿ ‘ವೀರಪಾಂಡಿಯ ಕಟ್ಟಬೊಮ್ಮನ್’ ಮಾಡಿದ್ದರು. ಅಲ್ಲಿಯೂ ಇದೇ ಪಟ್ಟು: ಬಾನು ಸುರಿಯುತ್ತದೆ, ಭೂಮಿ ಬೆಳೆಯುತ್ತದೆ, ನಿನಗೇಕೆ ಕೊಡಬೇಕು ಕಿಸ್ತು (ಕಂದಾಯದ ಕಂತು)? ಕಟ್ಟಬೊಮ್ಮನ ಬಾಯಲ್ಲಿ ಅದು ಇತಿಹಾಸಕ್ಕೂ ಸರಿಹೊಂದುತ್ತದೆ. ಪಾಂಚಾಲಂಕುರಿಚಿಯ ಆ ಪಾಳೆಯಗಾರನಿಗೂ ಕಲೆಕ್ಟರ್ ಜ್ಯಾಕ್ಸನ್‌ಗೂ 1798ರಲ್ಲಿ ಬಿದ್ದ ಜಗಳ ಬಾಕಿ ಕಿಸ್ತಿನದೇ. ಮರುವರ್ಷ ಅವನನ್ನು ಕಯತ್ತಾರಿನಲ್ಲಿ ಗಲ್ಲಿಗೇರಿಸಿದರು. ಅವನಿಗೆ ಹೊಲಿದ ಅಂಗಿಯನ್ನೇ ಪಂತುಲು ಅವರು ನಮ್ಮ ರಾಣಿಗೂ ತೊಡಿಸಿದರು. ಅಂಗಿ ಚಂದ ಕಾಣಿಸಿತು. ಕಿತ್ತೂರಿನ ಅಸಲು ತಕರಾರು ಮಾತ್ರ ಅದರ ಒಳಗೆ ಮುಚ್ಚಿಹೋಯಿತು.

ನಾನು ಬೈಲಹೊಂಗಲದಲ್ಲಿ ಬಾಂಡ್ ರೈಟರ್. ಸಬ್ ರಿಜಿಸ್ಟ್ರಾರ್ ಕಚೇರಿ ಎದುರು ನಮ್ಮಪ್ಪ ಹಾಕಿದ ಮೇಜಿನ ಮುಂದೆಯೇ ಈಗ ನಾನು ಕೂತಿದ್ದೇನೆ. ಖರೇದಿ ಪತ್ರ, ವಾಟ್ನಿ (ಪಾಲು) ಪತ್ರ, ಮೃತ್ಯುಪತ್ರ, ದತ್ತಕ ಪತ್ರ ಬರೆಯುವುದು ನಮ್ಮ ಕಸುಬು. ಚೆನ್ನಮ್ಮನ ಸಮಾಧಿ ಇರುವುದೂ ನಮ್ಮೂರಲ್ಲೇ. ಹಾಗಾಗಿ ಅವಳ ಸಿನಿಮಾ ನೋಡುವಾಗ ಕುದುರೆ, ಕತ್ತಿ ನೋಡುವುದಕ್ಕೂ ಮುಂಚೆ ನನ್ನ ಕಣ್ಣು ಕಾಗದ ಎಲ್ಲಿದೆ ಅಂತ ಹುಡುಕುತ್ತದೆ. 1824ರ ಕಿತ್ತೂರಿನ ಕತೆ ಮೊದಲಿನಿಂದ ಕೊನೆಯವರೆಗೆ ಒಂದು ದತ್ತಕ ಪತ್ರದ ಕತೆ.

ಚೆನ್ನಮ್ಮನ ಗಂಡ ಮಲ್ಲಸರ್ಜ ದೇಸಾಯಿ 1816ರಲ್ಲಿ ತೀರಿಕೊಂಡ. ಸಿನಿಮಾದಲ್ಲಿ ರಾಜಕುಮಾರ್ ಮಾಡಿದ ಪಾತ್ರ. ಪೇಶ್ವೆ ಎರಡನೇ ಬಾಜೀರಾಯ ಅವನನ್ನು ಪುಣೆಯಲ್ಲಿ ಸೆರೆ ಇಟ್ಟಿದ್ದ, ಅಲ್ಲಿಂದ ಜಡ್ಡು ಹಿಡಿದು ಬಂದ ಜೀವ ಉಳಿಯಲಿಲ್ಲ. ಹಿರಿಯ ಹೆಂಡತಿ ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜ ಗಾದಿಗೆ ಬಂದ. ಅವನಿಗೂ ಮೈಯಲ್ಲಿ ಸುಖವಿರಲಿಲ್ಲ, ಮಕ್ಕಳೂ ಇರಲಿಲ್ಲ. 1824ರ ಸೆಪ್ಟೆಂಬರ್ 11ಕ್ಕೆ ಅವನೂ ಹೋದ. ಮಾಸ್ತಮರಡಿ ಗೌಡರ ಮಗ ಶಿವಲಿಂಗಪ್ಪನನ್ನು ದತ್ತಕ ತೆಗೆದುಕೊಂಡಿದ್ದೇವೆ, ಗಾದಿ ಅವನದು ಅಂತ ಕಿತ್ತೂರಿನವರು ಧಾರವಾಡಕ್ಕೆ ತಿಳಿಸಿದರು. ಅಲ್ಲಿ ಕಲೆಕ್ಟರ್ ಆಗಿದ್ದವನು ಸೇಂಟ್ ಜಾನ್ ಥ್ಯಾಕರೆ. ಅವನು ಒಪ್ಪಲಿಲ್ಲ. ದತ್ತಕ ದೇಸಾಯಿ ಜೀವಂತ ಇದ್ದಾಗ ಆಯಿತೋ, ಸತ್ತ ಮೇಲೆ ಕಾಗದ ಹುಟ್ಟಿತೋ ಅನ್ನುವುದು ಅವನ ಸಂಶಯ. ಮೇಲಾಗಿ, ಕಂಪನಿಯ ಅಪ್ಪಣೆ ಇಲ್ಲದೆ ದತ್ತಕ ಹೇಗೆ ಅನ್ನುವುದು ಅವನ ತಕರಾರು.

ಈ ತಕರಾರು ನನ್ನ ಮೇಜಿನ ಮುಂದೆ ಈಗಲೂ ಬಂದು ನಿಲ್ಲುತ್ತದೆ. ಹಾಸಿಗೆ ಹಿಡಿದ ಮುದುಕ ದತ್ತಕ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ವಾರದೊಳಗೆ ತೀರಿಕೊಂಡ ಅನ್ನಿ. ದಿನಕರ್ಮ ಮುಗಿಯುವ ಮೊದಲೇ ಅಣ್ಣತಮ್ಮಂದಿರ ಮಕ್ಕಳು ವಕೀಲರ ಮನೆ ಬಾಗಿಲಲ್ಲಿ ಇರುತ್ತಾರೆ. ಹೆಬ್ಬೆಟ್ಟು ಒತ್ತುವಾಗ ಮುದುಕನಿಗೆ ಎಚ್ಚರ ಇತ್ತೇ? ಸಾಕ್ಷಿದಾರರು ಯಾರು? ಹುಡುಗನನ್ನು ಹೆತ್ತವರು ಕೈಯೆತ್ತಿ ಕೊಟ್ಟು, ಇವರು ಉಡಿಯಲ್ಲಿ ತೆಗೆದುಕೊಂಡರೇ? 1956ರ ಕಾಯ್ದೆ ಬಂದ ಮೇಲೆ ರಿಜಿಸ್ಟರ್ ಆದ ದತ್ತಕ ಪತ್ರವನ್ನು ಕೋರ್ಟು ಮೊದಲಿಗೆ ನಂಬುತ್ತದೆ, ಸುಳ್ಳು ಅನ್ನುವವರೇ ಅದನ್ನು ಸುಳ್ಳೆಂದು ತೋರಿಸಬೇಕು. ಚೆನ್ನಮ್ಮನಿಗೆ ಅಂಥ ರಕ್ಷಣೆ ಇರಲಿಲ್ಲ. ಎದುರುವಾದಿಯೂ ಕಂಪನಿಯೇ, ತೀರ್ಪು ಕೊಡುವುದೂ ಕಂಪನಿಯೇ, ಆಸ್ತಿ ಮುಟ್ಟುಗೋಲಾದರೆ ಲಾಭವೂ ಕಂಪನಿಗೇ. ಕಿತ್ತೂರಿನ ಖಜಾನೆಯಲ್ಲಿ ಸುಮಾರು 15 ಲಕ್ಷ ರೂಪಾಯಿಯ ಒಡವೆ, ಹಣ ಇತ್ತೆಂಬ ಅಂದಾಜಿದೆ. ಥ್ಯಾಕರೆ ಬಂದವನೇ ಆ ಖಜಾನೆಗೆ ಮೊಹರು ಹಾಕಿ, ತನ್ನ ಕಾವಲು ನಿಲ್ಲಿಸಿದ. ದತ್ತಕಕ್ಕೆ ಒಪ್ಪಿಗೆ ಇಲ್ಲ ಎಂಬ ನೆಪದಲ್ಲಿ ಸಂಸ್ಥಾನ ನುಂಗುವುದನ್ನು ಡಾಲ್‌ಹೌಸಿ ಕಲಿಸಿದ ಅಂತ ಶಾಲೆಯಲ್ಲಿ ಓದಿದ್ದೇವೆ. ಡಾಲ್‌ಹೌಸಿ ಈ ದೇಶಕ್ಕೆ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ. ನಮ್ಮ ಕಡೆ ಅದು ಇಪ್ಪತ್ತನಾಲ್ಕು ವರ್ಷ ಮೊದಲೇ ನಡೆದು ಹೋಗಿತ್ತು.

ಇನ್ನು ಕಪ್ಪದ ಮಾತು. ಕಿತ್ತೂರು ಕಪ್ಪ ಕೊಡುತ್ತಿತ್ತು. ಮೊದಲು ಪೇಶ್ವೆಗೆ, ಅವನು ಬಿದ್ದ ಮೇಲೆ ಕಂಪನಿಗೆ, ವರ್ಷಕ್ಕೆ 1,75,000 ರೂಪಾಯಿ. ಅಷ್ಟೇ ಅಲ್ಲ. 1818ರಲ್ಲಿ ಕಂಪನಿಯ ಸೇನಾಧಿಕಾರಿ ಥಾಮಸ್ ಮನ್ರೊ ಬೆಳಗಾವಿ ಕೋಟೆಗೆ ಮುತ್ತಿಗೆ ಹಾಕಿದಾಗ ಕಿತ್ತೂರಿನವರು ಪೇಶ್ವೆಯ ಕಡೆ ನಿಲ್ಲಲಿಲ್ಲ, ಮನ್ರೊಗೆ ನೆರವಾದರು. ಮಲ್ಲಸರ್ಜನನ್ನು ಸೆರೆ ಇಟ್ಟ ಪೇಶ್ವೆಯ ಮೇಲೆ ಅವರಿಗೆ ಪ್ರೀತಿ ಉಳಿದಿರಲು ಸಾಧ್ಯವೇ? ಅದಕ್ಕೆ ಪ್ರತಿಯಾಗಿ ಸಂಸ್ಥಾನ ವಂಶಪಾರಂಪರ್ಯ ಅವರದೇ ಅಂತ ಕಂಪನಿ ಸನದು ಕೊಟ್ಟಿತು. ಚೆನ್ನಮ್ಮನ ವಾದಕ್ಕೆ ಬಲ ಬರುವುದು ಇಲ್ಲಿಂದಲೇ. ನಿಮಗೆ ಕಷ್ಟ ಬಂದಾಗ ನಾವು ನಿಂತೆವು, ನೀವು ಬರೆದು ಕೊಟ್ಟಿರಿ, ಆರೇ ವರ್ಷಕ್ಕೆ ಬರೆದ ಕಾಗದ ನುಂಗುತ್ತೀರಾ ಅನ್ನುವ ವಾದ ಅದು. ನಮ್ಮ ಸಿನಿಮಾ, ನಾಟಕ, ಭಾಷಣಗಳಲ್ಲಿ 1818ಕ್ಕೆ ಸಿಗುವ ಜಾಗ ಬಹಳ ಕಡಿಮೆ. ರಾಣಿಯ ಮನೆತನ ಕಂಪನಿಗೆ ಸಹಾಯ ಮಾಡಿತ್ತು ಅಂದರೆ ಅವಳ ಮಾನ ಕಡಿಮೆಯಾಗುತ್ತದೆ ಅಂತ ಹೆದರಿಕೆ ಇರಬೇಕು. ನನಗೆ ಹಾಗೆ ಅನ್ನಿಸುವುದಿಲ್ಲ. ಎರಡು ಆನೆಗಳ ನಡುವೆ ಸಣ್ಣ ಸಂಸ್ಥಾನ ಉಳಿಸಿಕೊಳ್ಳಬೇಕಾದವರು ಮಾಡುವ ರಾಜಕಾರಣ ಅದು. ಸಿನಿಮಾ ರಾಣಿಗೆ ಧೈರ್ಯ ಕೊಟ್ಟು ರಾಜಕಾರಣ ಕಿತ್ತುಕೊಂಡಿತು. ನನ್ನ ತಕರಾರು ಇಷ್ಟೇ.

ರಾಜಕಾರಣ ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ಥ್ಯಾಕರೆ ಜಗ್ಗದಿದ್ದಾಗ ಅವಳು ಅವನ ತಲೆಯ ಮೇಲಿನಿಂದ ಮುಂಬಯಿಯ ಗವರ್ನರ್ ಎಲ್ಫಿನ್‌ಸ್ಟನ್‌ಗೆ ಬರೆದಳು. ಕೆಳಗಿನ ಸಾಹೇಬ ಕೆಲಸ ಮಾಡದಿದ್ದರೆ ಮೇಲಿನವನಿಗೆ ಅರ್ಜಿ ಹಾಕುವುದು ಆಗಲೂ ಇತ್ತು, ಫಲ ಸಿಗದಿರುವುದೂ ಇತ್ತು. ಅಕ್ಟೋಬರ್ 23ಕ್ಕೆ ಥ್ಯಾಕರೆ ಕೋಟೆ ಬಾಗಿಲು ತೆಗೆಯಿರಿ ಅಂತ ಕೆಲವೇ ನಿಮಿಷಗಳ ಗಡುವು ಕೊಟ್ಟ. ಬಾಗಿಲು ತೆಗೆಯಿತು, ಆದರೆ ಒಳಗಿಂದ ಬಂದದ್ದು ದಂಡು. ಥ್ಯಾಕರೆ ಅಲ್ಲೇ ಸತ್ತ. ಗುಂಡು ಹೊಡೆದವನು ಅಮಟೂರ ಬಾಳಪ್ಪ ಅನ್ನುವುದು ನಮ್ಮ ಕಡೆಯ ಮಕ್ಕಳಿಗೂ ಗೊತ್ತು. ಸಿನಿಮಾ ಪ್ರಕಾರ ಕತೆ ಇಲ್ಲಿ ಮೇಲಕ್ಕೆ ಏರುತ್ತದೆ. ನನಗೆ ಅದರ ಮರುದಿನದಿಂದ ಕುತೂಹಲ. ಥ್ಯಾಕರೆಯ ಇಬ್ಬರು ಸಹಾಯಕರು, ಸ್ಟೀವನ್‌ಸನ್ ಮತ್ತು ಎಲಿಯಟ್, ಕೋಟೆಯೊಳಗೆ ಸಿಕ್ಕಿಬಿದ್ದಿದ್ದರು. ಗೆದ್ದ ಸಿಟ್ಟಿನಲ್ಲಿ ಅವರನ್ನು ಕೊಲ್ಲುವುದು ಸುಲಭವಿತ್ತು. ಚೆನ್ನಮ್ಮ ಕೊಲ್ಲಲಿಲ್ಲ. ಅನ್ನ ಹಾಕಿ, ಕಾಪಾಡಿ, ಆ ಇಬ್ಬರನ್ನು ಕೈಯಲ್ಲಿಟ್ಟುಕೊಂಡೇ ದಖ್ಖನ್ನಿನ ಕಮಿಷನರ್ ಚಾಪ್ಲಿನ್ ಜೊತೆ ಮಾತುಕತೆಗೆ ಕೂತಳು. ಒಂದೂವರೆ ತಿಂಗಳು ಹೀಗೆ ಹಗ್ಗ ಜಗ್ಗಿತು. ಕೊನೆಗೆ ಡಿಸೆಂಬರ್ ಆರಂಭದಲ್ಲಿ ಅವರನ್ನು ಬಿಟ್ಟಳು. ಆದರೂ ದಂಡು ಬಂದೇ ಬಂತು. ಡಿಸೆಂಬರ್ ಮೊದಲ ವಾರದಲ್ಲಿ ಕೋಟೆ ಬಿತ್ತು. ಆ ಕಾದಾಟದಲ್ಲಿ ಸೊಲ್ಲಾಪುರದ ಸಬ್ ಕಲೆಕ್ಟರ್, ಥಾಮಸ್ ಮನ್ರೊನ ಸೋದರಸಂಬಂಧದ ಹುಡುಗ, ಸತ್ತ. ಆರು ವರ್ಷದ ಹಿಂದೆ ಕಿತ್ತೂರು ಸಹಾಯ ಮಾಡಿದ್ದು ಅದೇ ಮನ್ರೊಗೆ. ಇಂಥದ್ದನ್ನು ಯಾವ ಚಿತ್ರಕತೆಗಾರನೂ ಕಟ್ಟಲಾರ.

ವಯಸ್ಸಿನ ವಿಷಯ ಹೇಳಲೇಬೇಕು. ಚೆನ್ನಮ್ಮ ಹುಟ್ಟಿದ್ದು 1778ರಲ್ಲಿ, ಬೆಳಗಾವಿ ಪಕ್ಕದ ಕಾಕತಿಯಲ್ಲಿ. ಅಂದರೆ ಥ್ಯಾಕರೆ ಬಂದಾಗ ಅವಳಿಗೆ 46. ಗಂಡ ಸತ್ತು ಎಂಟು ವರ್ಷ. ಹೆತ್ತ ಮಗನೂ ಇಲ್ಲ, ಮಲಮಗನೂ ಈಗಷ್ಟೇ ಹೋದ. ಅರಮನೆಯಲ್ಲಿ ಸೊಸೆ ವೀರವ್ವ ವಿಧವೆ. ಗಾದಿಗೆ ತರಬೇಕಾದವನು ಇನ್ನೂ ಹುಡುಗ. 1961ರಲ್ಲಿ ಸರೋಜಾದೇವಿಗೆ 23 ವರ್ಷ. ಆ ನಟಿಯ ಕಸುವಿನ ಬಗ್ಗೆ ಎರಡು ಮಾತಿಲ್ಲ. ಆದರೂ 23ರ ಹೆಣ್ಣು ಗುಡುಗಿದರೆ ಅದು ಹುಮ್ಮಸ್ಸು ಅನ್ನಿಸುತ್ತದೆ, 46ರ ವಿಧವೆ ತಗ್ಗಿದ ದನಿಯಲ್ಲಿ ಅಂದರೂ ಅದಕ್ಕೆ ಬೇರೆ ತೂಕ ಇರುತ್ತದೆ. ಮೊಮ್ಮಗಳು ಪಕ್ಕದಲ್ಲಿ ಕೂತು ಟಿವಿಯಲ್ಲಿ ಈ ಸಿನಿಮಾ ನೋಡುವಾಗ ಅವಳಿಗೆ ಇದನ್ನೇ ಹೇಳಿದೆ.

“ಅಜ್ಜಾ, 46 ಅಂದ್ರ ನಮ್ಮವ್ವಗಿಂತ ದೊಡ್ಡಾಕಿ?”

“ಹೂಂ, ನಾಕ್ ವರ್ಷ ದೊಡ್ಡಾಕಿ.”

ಅವಳು ಒಮ್ಮೆ ಅಡುಗೆಮನೆ ಕಡೆ ತಿರುಗಿ ನೋಡಿದಳು. ಒಳಗೆ ನನ್ನ ಸೊಸೆ ಫೋನಿನಲ್ಲಿ ಗ್ಯಾಸ್ ಏಜೆನ್ಸಿಯವರ ಜೊತೆ ಜಗಳಾಡುತ್ತಿದ್ದಳು. “ಹಂಗಿದ್ರ ಥ್ಯಾಕರೆ ಸತ್ತದ್ದು ಖರೇ ಬಿಡು” ಅಂದಳು ಹುಡುಗಿ.

2012ರಲ್ಲಿ ಬಂದ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ದಲ್ಲಿ ಜಯಪ್ರದಾ ಚೆನ್ನಮ್ಮನಾದರು. ಆಗ ಅವರಿಗೆ ಐವತ್ತು. ವಯಸ್ಸಿನ ಲೆಕ್ಕದಲ್ಲಿ ಅದು ಇತಿಹಾಸಕ್ಕೆ ಹತ್ತಿರ. ಮುಖದಲ್ಲಿ ಸ್ವಲ್ಪ ದಣಿವು ಕಂಡದ್ದು ನನಗೆ ಹಿಡಿಸಿತು. ಆದರೆ ಆ ಸಿನಿಮಾ ಅವಳದಲ್ಲ, ರಾಯಣ್ಣನದು. ಅದಕ್ಕೆ ಆಮೇಲೆ ಬರುತ್ತೇನೆ.

ಬಿಳಿಯರ ಪಾತ್ರಗಳದು ಇನ್ನೊಂದು ಕತೆ. ನಮ್ಮ ಸಿನಿಮಾದ ಸಾಹೇಬ ಯಾವಾಗಲೂ ಬೂಟುಗಾಲು ಕುಟ್ಟುತ್ತಾನೆ, ‘ನಾನು ಬರುತ್ತದೆ, ನೀನು ಹೋಗುತ್ತದೆ’ ಅನ್ನುತ್ತಾನೆ, ನಕ್ಕರೆ ಹಲ್ಲೆಲ್ಲ ಕಾಣುತ್ತದೆ. ಅವನಿಗೆ ದುರಾಸೆ ಬಿಟ್ಟರೆ ಬೇರೆ ಉದ್ದೇಶ ಇಲ್ಲ. ಥ್ಯಾಕರೆ ಮೂವತ್ತು ದಾಟಿದ, ದೊಡ್ಡ ಮನೆತನದ ಅಧಿಕಾರಿ. ಮುಂದೆ ಇಂಗ್ಲಿಷಿನಲ್ಲಿ ಹೆಸರು ಮಾಡಿದ ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆಗೆ ಚಿಕ್ಕಪ್ಪ. ಅಂಥ ಅಧಿಕಾರಿ ಕೆಡುಕ ಅನ್ನಿಸಿಕೊಳ್ಳುವುದಕ್ಕೆ ಹಲ್ಲು ಕಿರಿಯಬೇಕಾಗಿಲ್ಲ. ಕಡತ ಮುಂದಿಟ್ಟುಕೊಂಡು, ನಿಯಮ ಹೇಳಿ, ಮೊಹರು ಒತ್ತಿದರೆ ಸಾಕು. ಕಚೇರಿ ಎದುರು ಬದುಕು ಕಳೆದವನಿಗೆ ಎರಡನೇ ಥರದವರ ಭಯವೇ ಹೆಚ್ಚು.

ಎಲಿಯಟ್ ವಿಷಯ ಬಂದಾಗ ನನಗೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ, ಇವನ ಮೇಲೆ ಒಬ್ಬರಾದರೂ ಒಂದು ಸಿನಿಮಾ ಮಾಡಬಾರದೇ ಅಂತ. ಕಿತ್ತೂರಿನಲ್ಲಿ ಸೆರೆಯಾದಾಗ ವಾಲ್ಟರ್ ಎಲಿಯಟ್‌ಗೆ 21 ವರ್ಷ. ಮೇಲಧಿಕಾರಿಯ ಹೆಣ ಬಿದ್ದದ್ದನ್ನು ನೋಡಿ, ಸುಮಾರು ಆರು ವಾರ ರಾಣಿಯ ಕೈಯಲ್ಲಿದ್ದು ಜೀವಂತ ಹೊರಬಂದವನು. ಆಮೇಲೆ ಅದೇ ಹುಡುಗ ಇದೇ ಸೀಮೆಯಲ್ಲಿ ಊರೂರು ತಿರುಗಿ ಹಳೆಗನ್ನಡದ ಕಲ್ಬರಹಗಳ ನಕಲು ಮಾಡಿಸಿದ. ಅವನ ‘ಕರ್ನಾಟಕ ದೇಶ ಇನ್‌ಸ್ಕ್ರಿಪ್ಷನ್ಸ್’ ಎಂಬ ಹಸ್ತಪ್ರತಿಯಲ್ಲಿ 595 ಶಾಸನಗಳಿವೆ. ಚಾಲುಕ್ಯರ ಚರಿತ್ರೆ ಬರೆದ ಫ್ಲೀಟ್‌ಗೆ ಅದು ದೊಡ್ಡ ಆಸರೆಯಾಯಿತು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಅಮರಾವತಿ ಶಿಲ್ಪಗಳನ್ನು ಬಹಳ ಕಾಲ ಎಲಿಯಟ್ ಮಾರ್ಬಲ್ಸ್ ಅಂತ ಕರೆದದ್ದೂ ಇವನ ಹೆಸರಿನಿಂದಲೇ. ರಾಣಿ ಅಂದು ಬೇರೆ ಮನಸ್ಸು ಮಾಡಿದ್ದರೆ ಕನ್ನಡ ಶಾಸನಗಳ ಒಂದು ದೊಡ್ಡ ಕಣಜ ನಮಗೆ ಸಿಗುತ್ತಿರಲಿಲ್ಲ. (ಸಾಹೇಬರನ್ನು ಹೊಗಳುತ್ತೀರಾ ಅಂತ ಕೇಳುವವರಿಗೆ: ಹೊಗಳುತ್ತಿರುವುದು ರಾಣಿಯನ್ನು.)

ಕೊನ್ನೂರ ಮಲ್ಲಪ್ಪಶೆಟ್ಟಿ, ಹಾವೇರಿ ವೆಂಕಟರಾಯ. ಕಿತ್ತೂರು ಸಂಸ್ಥಾನದಲ್ಲೇ ಇದ್ದು ಕಂಪನಿಯ ಕಡೆ ವಾಲಿದ ಇವರಿಬ್ಬರ ಹೆಸರು ನಮ್ಮ ಕಡೆ ಬೈಗುಳ. ಮೋಸ ಮಾಡಿದರು ಅನ್ನುವುದರಲ್ಲಿ ತಕರಾರು ತೆಗೆಯುವುದಿಲ್ಲ. ಆದರೆ ಸಿನಿಮಾದ ದ್ರೋಹಿ ಮೊದಲ ದೃಶ್ಯದಿಂದಲೇ ಮೀಸೆ ತಿರುವುತ್ತಾನೆ, ಅವನನ್ನು ಇಷ್ಟು ದಿನ ಅರಮನೆಯವರು ಹೇಗೆ ಇಟ್ಟುಕೊಂಡರಪ್ಪಾ ಅಂತ ಪ್ರೇಕ್ಷಕನಿಗೇ ಆಶ್ಚರ್ಯ. ಅಸಲಿನವರಾದರೋ ಸಂಸ್ಥಾನದ ಲೆಕ್ಕಪತ್ರ ಬಲ್ಲವರು, ದೇಸಾಯಿ ಸತ್ತ ಮೇಲೆ ಸಂಬಳ ಯಾರು ಕೊಡುತ್ತಾರೆ ಅನ್ನುವುದನ್ನು ಎಲ್ಲರಿಗಿಂತ ಮೊದಲು ಲೆಕ್ಕ ಹಾಕಿದವರು. ಅಂಥವರು ಮೀಸೆ ತಿರುವುವುದಿಲ್ಲ, ಎಲ್ಲರಿಗೂ ಬಗ್ಗಿ ನಮಸ್ಕಾರ ಮಾಡುತ್ತಾರೆ.

ನಾನೇನು ಎಲ್ಲದಕ್ಕೂ ದಾಖಲೆ ಕೇಳುವವನಲ್ಲ. ಮಲ್ಲಸರ್ಜ ಹುಲಿಗೆ ಬಾಣ ಬಿಟ್ಟ, ಹೋಗಿ ನೋಡಿದರೆ ಎರಡು ಬಾಣ, ಇನ್ನೊಂದು ಚೆನ್ನಮ್ಮನದು ಅನ್ನುವ ಕತೆಗೆ ದಾಖಲೆ ಯಾಕೆ ಬೇಕು? ಇರಲಿ. ಸೀರೆಯ ಅಂಚು ಆ ಕಾಲದ್ದಲ್ಲ, ಸೆಟ್ಟಿನ ಕಂಬ ಪ್ಲೈವುಡ್ಡು ಅನ್ನುವವರ ಗುಂಪಿಗೂ ನಾನು ಸೇರುವುದಿಲ್ಲ. ಕಿತ್ತೂರಿನ ಅಸಲು ಅರಮನೆಯಲ್ಲಿ ಸಾಲು ಸ್ನಾನದ ಕೋಣೆಗಳು, ಮಣ್ಣಿನೊಳಗೆ ನೀರಿನ ಕೊಳವೆ, ಧ್ರುವ ನಕ್ಷತ್ರ ನೋಡಲು ಇಟ್ಟ ಕಿಂಡಿ ಎಲ್ಲ ಇದ್ದವು, ಅವಶೇಷ ಈಗಲೂ ನೋಡಬಹುದು. ಸೆಟ್ಟಿನಲ್ಲಿ ಅವು ಇಲ್ಲದಿದ್ದರೆ ಕತೆ ಕೆಡುವುದಿಲ್ಲ. ಪಾತ್ರಕ್ಕೆ ಏನು ಬೇಕಾಗಿತ್ತು ಅನ್ನುವುದನ್ನೇ ಬದಲಾಯಿಸಿದರೆ ಮಾತ್ರ ಕೆಡುತ್ತದೆ. ದತ್ತಕದ ಹಕ್ಕು ಕೇಳಿದವಳನ್ನು ಕಂದಾಯ ಕೊಡೆನೆಂದವಳಾಗಿ ಮಾಡಿದರೆ ಅದು ಬೇರೆ ಮನುಷ್ಯಳ ಕತೆಯಾಯಿತು.

ಈಗ ರಾಯಣ್ಣ. ನಾಗಣ್ಣ ನಿರ್ದೇಶನದ ಆ ಸಿನಿಮಾ ನಮ್ಮ ಜಿಲ್ಲೆಯಲ್ಲಿ ಬಿಡುಗಡೆಯಾದ ದಿನ ದರ್ಶನ್ ಕಟೌಟಿಗೆ ಹಾಲು ಸುರಿದದ್ದು ಕಂಡಿದ್ದೇನೆ. ಜನಕ್ಕೆ ನೆನಪಿರುವುದು ಕುದುರೆ, ಕತ್ತಿ, ಕೊನೆಗೆ ಗಲ್ಲು. ಸಂಗೊಳ್ಳಿ ನಮ್ಮ ತಾಲೂಕಿನ ಊರು. ರಾಯಣ್ಣ ಶೇತಸನದಿ. ಅಂದರೆ ಸಂಬಳದ ಬದಲು ಹೊಲ ಕೊಟ್ಟು ಊರ ಕಾವಲಿಗೆ, ದಂಡಿಗೆ ಇಟ್ಟುಕೊಂಡವನು. ಕಿತ್ತೂರು ಬಿದ್ದ ಮೇಲೆ ಕಂಪನಿ ಸರಕಾರ ಇಂಥವರ ಇನಾಮು ಹೊಲಗಳ ಲೆಕ್ಕ ತೆಗೆಯಿತು. ರಾಯಣ್ಣನ ಹೊಲದಲ್ಲಿ ಅರ್ಧ ಹೋಯಿತು, ಉಳಿದರ್ಧಕ್ಕೆ ತಡೆಯಲಾರದ ಕಂದಾಯ ಬಿತ್ತು. ಚೆನ್ನಮ್ಮ 1829ರ ಫೆಬ್ರುವರಿ 2ಕ್ಕೆ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು. ಅಲ್ಲಿಂದ ಹನ್ನೊಂದು ತಿಂಗಳಿಗೆ, 1830ರ ಜನವರಿಯಲ್ಲಿ, ರಾಯಣ್ಣನ ಮಂದಿ ಬೀಡಿ ಎಂಬ ಊರಿನ ಸರಕಾರಿ ಕಚೇರಿಗೆ ಬೆಂಕಿ ಇಟ್ಟರು. ಕಚೇರಿಗಳ ಮೇಲೆ ಬಿದ್ದು ಅಲ್ಲಿನ ಭೂಮಿಯ ದಾಖಲೆ ಸುಟ್ಟದ್ದು ಆ ದಂಗೆಯ ದೊಡ್ಡ ಲಕ್ಷಣ. ಅವನು ಗಾದಿಗೆ ತರಬೇಕೆಂದು ಹೋರಾಡಿದ್ದು ಯಾರನ್ನು? ಅದೇ ಶಿವಲಿಂಗಪ್ಪನನ್ನು, ಥ್ಯಾಕರೆ ಒಪ್ಪದ ದತ್ತಕದ ಹುಡುಗನನ್ನು. ಆರು ವರ್ಷ ಕಳೆದರೂ ವ್ಯಾಜ್ಯ ಅದೇ. ರಾಣಿ ಅರ್ಜಿ ಬರೆದು ಸೋತಳು, ರಾಯಣ್ಣ ಕಡತ ಸುಟ್ಟು ಹೋರಾಡಿದ.

ಲಾವಣಿ ಹಾಡುವವರು ಇವನನ್ನು ಸಿನಿಮಾಕ್ಕಿಂತ ಮೊದಲೇ ಹಿಡಿದಿಟ್ಟರು. ಹತ್ತೊಂಬತ್ತನೇ ಶತಮಾನದಲ್ಲೇ ಮೇಲೆ ಹೇಳಿದ ಫ್ಲೀಟ್ ಸಾಹೇಬ ಕನ್ನಡ ಲಾವಣಿಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದಾಗ ಅದರಲ್ಲಿ ರಾಯಣ್ಣನ ದಂಗೆಯದೂ ಒಂದು ಸೇರಿತ್ತು. ಡೋರಿ ಬೆಣಚಿ ಹಳ್ಳದಲ್ಲಿ ಸ್ನಾನಕ್ಕೆ ಇಳಿದಾಗ ಹಿಡಿದುಕೊಟ್ಟದ್ದು, 1831ರ ಜನವರಿ 26ಕ್ಕೆ ನಂದಗಡದಲ್ಲಿ ಗಲ್ಲಿಗೆ ಹಾಕಿದ್ದು ಎಲ್ಲರಿಗೂ ಗೊತ್ತು. ನಂದಗಡದ ಆಲದ ಮರಕ್ಕೆ ಮಕ್ಕಳಾಗದವರು ಇಂದಿಗೂ ತೊಟ್ಟಿಲು ಕಟ್ಟುತ್ತಾರೆ. ಇಷ್ಟು ದೊಡ್ಡವನಾದವನನ್ನು ಬರೀ ಕತ್ತಿ ಬೀಸುವವನನ್ನಾಗಿ ತೋರಿಸಿದರೆ ಅವನ ಸಿಟ್ಟಿಗೆ ಕಾರಣವೇ ಕಾಣದೆ ಹೋಗುತ್ತದೆ. ಉತಾರದಲ್ಲಿ (ಪಹಣಿಯಲ್ಲಿ) ತನ್ನ ಹೆಸರಿನ ಮುಂದಿನ ಎಕರೆ ಕಡಿಮೆಯಾದದ್ದನ್ನು ನೋಡಿದ ರೈತನ ಮುಖ ನಾನು ಬಹಳ ಸಲ ಕಂಡಿದ್ದೇನೆ. ಯಾವ ನಟನಿಗೂ ಅದಕ್ಕಿಂತ ಒಳ್ಳೆಯ ಪಾಠ ಸಿಗಲಾರದು.

ಕಿತ್ತೂರಿನ ಮೇಲೆ ಮತ್ತೆ ಸಿನಿಮಾ ಮಾಡುವವರು ಇದ್ದರೆ ಒಂದು ಸಲಹೆ ಇದೆ. ಬೀಡಿ ಕಚೇರಿಯ ದೃಶ್ಯವನ್ನು ಇಂಟರ್‌ವಲ್‌ಗೆ ಇಡಿ. ಕುದುರೆ, ಫಿರಂಗಿ, ಸಾವಿರ ಜನ ಏನೂ ಬೇಡ. ಒಂದು ಕೋಣೆ, ಕೆಂಪು ಬಟ್ಟೆಯಲ್ಲಿ ಕಟ್ಟಿದ ನಾಲ್ಕು ಗಂಟು ದಫ್ತರ, ತನ್ನ ಹೊಲದ ಕಾಗದ ಯಾವುದು ಅಂತ ಓದಲಾರದೆ ಎಲ್ಲವನ್ನೂ ಸುಡುವ ಒಬ್ಬ ಮುದುಕ ಶೇತಸನದಿ. ನಿರ್ಮಾಪಕರಿಗೆ ಖರ್ಚೂ ಕಡಿಮೆ ಬರುತ್ತದೆ.